ಎ320 ಬೋರ್ಡಿಗೆ 5600ಜಿ: ಎಂಟು ಕಾಲಿನ ಚಿಪ್ಪಿನ ಜೊತೆ ಗುದ್ದಾಟ

ಬೂಟ್ ಆಯಿತು. ಹತ್ತು ದಿನ ಕಪ್ಪು ಪರದೆ ತೋರಿಸಿಕೊಂಡು ಬಿದ್ದಿದ್ದ ಎ320 ಮದರ್‌ಬೋರ್ಡು ನಿನ್ನೆ ರಾತ್ರಿ ಹೊಸ ಪ್ರೊಸೆಸರ್ ರೈಜೆನ್ 5 5600ಜಿಯನ್ನು ಗುರುತು ಹಿಡಿದು ಬಯಾಸ್ (ಯಂತ್ರವನ್ನು ಎಬ್ಬಿಸುವ ಮೊದಲ ಪ್ರೋಗ್ರಾಂ) ಪುಟ ತೆರೆಯಿತು. ಯಂತ್ರ ಇರುವುದು ಕಾರವಾರದ ಕೋಡಿಬಾಗದಲ್ಲಿ. ಕಿಟಕಿ ತೆರೆದರೆ ಕಾಳಿ ಅಳಿವೆಯ ಉಪ್ಪುಗಾಳಿ ನೇರ ಕ್ಯಾಬಿನೆಟ್ಟಿಗೇ. ಏಳು ಮಳೆಗಾಲ ಕಂಡದ್ದು: ಹಳೆ ಪ್ರೊಸೆಸರ್ 2200ಜಿ, 8 ಜಿಬಿಯ ಒಂದೇ ಡಿಡಿಆರ್4 ರ‍್ಯಾಮ್ ಸ್ಟಿಕ್, 450 ವ್ಯಾಟಿನ ಪವರ್ ಸಪ್ಲೈ ಅಂದರೆ ಎಸ್‌ಎಂಪಿಎಸ್.

ಹೊಸದು ಕಟ್ಟುವ ಲೆಕ್ಕ ಬೇಗ ಮುಗಿಯಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು, 2200ಜಿ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಹಾಗಾಗಿ ಏನಾದರೂ ಮಾಡಲೇಬೇಕಿತ್ತು. ಎಎಂಡಿಯ ಹೊಸ ಸಾಕೆಟ್ ಎಎಂ5ಗೆ ಹೋದರೆ ಬೋರ್ಡು, ಪ್ರೊಸೆಸರ್, ಡಿಡಿಆರ್5 ಮೂರೂ ಹೊಸದು. ರ‍್ಯಾಮ್ ಬೆಲೆ 2025ರ ಕೊನೆಗೆ ಏರಿದ ರೀತಿ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಇಂಟೆಲ್ ಕಡೆಯ ಎಚ್610 ಬೋರ್ಡಿನ ಡಿಡಿಆರ್4 ಮಾದರಿ ಮತ್ತು ಐ3 12100 ತೆಗೆದುಕೊಂಡರೆ ಹಳೆ ರ‍್ಯಾಮ್ ಉಳಿಯುತ್ತದೆ, ಆದರೆ ಎ320ರ ಎಎಂ4ನಂತೆ ಅದೂ ಮುಂದೆ ದಾರಿಯಿಲ್ಲದ ಸಾಕೆಟ್. ಎರಡೂ ಕಡೆ ದಾರಿ ಮುಗಿಯುವುದಾದರೆ ಪ್ರೊಸೆಸರ್ ಒಂದೇ ಕೊಂಡು ಮುಗಿಸುವುದು ವಾಸಿ. 5600 ಬದಲು 5600ಜಿ ಯಾಕೆಂದರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, 5600ಜಿ ಒಳಗೇ ಗ್ರಾಫಿಕ್ಸ್ ಇದೆ. ಅದು ಪಿಸಿಐಇ (ಕಾರ್ಡು ಜೋಡಿಸುವ ದಾರಿ) 3.0ಗೇ ನಿಲ್ಲುತ್ತದೆ, ಬೋರ್ಡೂ ಅಷ್ಟೇ, ನಷ್ಟವೇನಿಲ್ಲ. ಟಿಡಿಪಿ (ಕೂಲರಿಗೆ ಲೆಕ್ಕ ಹಾಕುವ ಶಾಖ) 65 ವ್ಯಾಟ್, ಅಂದರೆ ಸಾಕೆಟ್ಟಿಗೆ ಹೆಚ್ಚೆಂದರೆ 88 ವ್ಯಾಟ್. ಹೀಟ್‌ಸಿಂಕ್ ಇಲ್ಲದ, ಪ್ರೊಸೆಸರಿಗೆ ವೋಲ್ಟೇಜು ಹೊಂದಿಸಿ ಕೊಡುವ ಈ ವಿಆರ್‌ಎಂ ಅಷ್ಟು ತಡೆಯುತ್ತದೆ. ಇದೇ ಬೋರ್ಡಿಗೆ 105 ವ್ಯಾಟಿನ 5800ಎಕ್ಸ್ ಹಾಕುವ ಆಸೆಯಿದ್ದವರು ಬಿಟ್ಟುಬಿಡಿ, ಅದು 142 ವ್ಯಾಟ್ ಎಳೆಯುತ್ತದೆ.

ಕರಾವಳಿಯಲ್ಲಿ ಇದಕ್ಕಿಂತ ಮೊದಲು ಇನ್ನೊಂದು ಪರೀಕ್ಷೆ ಇದೆ. ಪ್ರೊಸೆಸರ್ ಆರ್ಡರ್ ಮಾಡುವ ಮುಂಚೆ ಬೋರ್ಡನ್ನು ಹೊರಗೆ ತೆಗೆದು, ಆಡಿಯೋ ಜ್ಯಾಕ್‌ಗಳ ಸುತ್ತ, ಸೆಲ್ ಹೋಲ್ಡರಿನ ಬುಡ, ರ‍್ಯಾಮ್ ಸ್ಲಾಟಿನ ತುದಿಗಳನ್ನು ಭೂತಗನ್ನಡಿಯಲ್ಲಿ ನೋಡಬೇಕು. ಹಸಿರು ಪುಡಿ ಟ್ರ್ಯಾಕಿನ ಮೇಲೆ ಹರಿದಿದ್ದರೆ ಆ ಬೋರ್ಡಿಗೆ ಹೊಸ ಪ್ರೊಸೆಸರ್ ಹಾಕುವುದು ಬೇಡ, ಹೊಸದೇ ಕಟ್ಟಿ. ಇಲ್ಲಿ ಜ್ಯಾಕಿನ ತಗಡು ಮಾತ್ರ ಕಂದಿತ್ತು. ಬಯಾಸ್ ಚಿಪ್ಪಿನ ಕಾಲುಗಳನ್ನು ನೋಡಬೇಕೆಂದು ಆಗ ಹೊಳೆಯಲಿಲ್ಲ.

2020ರಲ್ಲಿ ರೈಜೆನ್ 5000 ಬಂದಾಗ ಎ320 ಸೇರಿದ 300 ಸರಣಿಯ ಬೋರ್ಡುಗಳನ್ನು ಹೊರಗಿಟ್ಟಿದ್ದ ಎಎಂಡಿ 2022ರಲ್ಲಿ ಮನಸ್ಸು ಬದಲಿಸಿತು. ಹಳೆಯ ಬೋರ್ಡುಗಳ ಬಯಾಸ್ ಚಿಪ್ಪು 16 ಎಂಬಿ ಮಾತ್ರ, ಎಲ್ಲ ಪ್ರೊಸೆಸರ್‌ಗಳ ಕೋಡೂ ಅದರಲ್ಲಿ ಹಿಡಿಯುವುದಿಲ್ಲ. ಹೊಸಬರು ಬರಬೇಕೆಂದರೆ ಹಳಬರು ಕೆಲವರು ಏಳಬೇಕು. ಆದ್ದರಿಂದ ಹಳೆ ಪ್ರೊಸೆಸರ್ ಕೂತಿರುವಾಗಲೇ ಬಯಾಸ್ ಬದಲಿಸಬೇಕು: ಬೋರ್ಡಿನ ಪುಟದಲ್ಲಿ ಹೇಳಿದ ಮಧ್ಯದ ಆವೃತ್ತಿ ಮೊದಲು, ಕೊನೆಯದು ಆಮೇಲೆ. ಮಧ್ಯದ್ದು ಸರಿಯಾಗಿ ಹೋಯಿತು. ಕೊನೆಯದರ ಪಟ್ಟಿ ಅರ್ಧ ದಾಟಿದಾಗ ಮಳೆಗಾಳಿಗೆ ಕರೆಂಟು ಹೋಯಿತು. ಯುಪಿಎಸ್ ಒಂದು ಸಲ ಕುಂಯ್ ಅಂದು ತಾನೂ ಹೋಯಿತು. ಬಯಾಸ್ ಅರ್ಧ ಬರೆದು ನಿಂತಿತು, ಬೋರ್ಡು ಏಳಲಿಲ್ಲ.

ಪೆನ್‌ಡ್ರೈವಿನಿಂದ ಬಯಾಸ್ ಮತ್ತೆ ಬರೆಯುವ ಫ್ಲ್ಯಾಶ್‌ಬ್ಯಾಕ್ ಗುಂಡಿ ಈ ಬೋರ್ಡಿನಲ್ಲಿಲ್ಲ. ಉಳಿದದ್ದು ಚಿಪ್ಪಿಗೆ ನೇರ ಬರೆಯುವ ಸಿಎಚ್341ಎ ಪ್ರೋಗ್ರಾಮರ್ ಮತ್ತು ಎಂಟು ಕಾಲಿನ ಕ್ಲಿಪ್ಪು.

ಅದನ್ನು ಕೊಳ್ಳುವ ಮೊದಲು ಬಯಾಸ್ ಚಿಪ್ಪಿನ ಮೇಲಿನ ಅಕ್ಷರ ಓದಿ. ಡಬ್ಲ್ಯು25ಕ್ಯೂ128ರ ಕೊನೆಗೆ ಎಫ್‌ವಿ ಇದ್ದರೆ 3.3 ವೋಲ್ಟ್, ಎಫ್‌ಡಬ್ಲ್ಯು ಇದ್ದರೆ 1.8. ಎಂಎಕ್ಸ್25 ಆದರೆ ಮುಂದಿನ ಅಕ್ಷರ ಎಲ್ ಇದ್ದರೆ 3.3, ಯು ಇದ್ದರೆ 1.8. ಇಲ್ಲಿದ್ದದ್ದು ಎಫ್‌ಡಬ್ಲ್ಯು. ಅಗ್ಗದ ಕಪ್ಪು ಸಿಎಚ್341ಎ ಡೇಟಾ ತಂತಿಗಳಲ್ಲಿ 5 ವೋಲ್ಟ್ ಬಿಡುವ ಖ್ಯಾತಿಯದ್ದು, 1.8ರ ಅಡಾಪ್ಟರ್ ನಡುವೆ ಇಲ್ಲದೆ ಮುಟ್ಟಿಸಿದರೆ ಚಿಪ್ಪಿಗೆ ತರ್ಪಣ. 'ಫುಲ್ ಸೆಟ್' ಎಂದು ಮಾರಿದವರ ಪೊಟ್ಟಣದಲ್ಲಿ ಯಾರಿಗೂ ಬೇಡದ ಐದು ಸಾಕೆಟ್ ಇದ್ದವು, 1.8ರ ಅಡಾಪ್ಟರ್ ಒಂದೇ ಇರಲಿಲ್ಲ. ಅದನ್ನು ಬೇರೆ ತರಿಸಿದರೆ ಅಂಕೋಲೆಯವರೆಗೆ ಬಂದ ಪೊಟ್ಟಣ ಕಾರವಾರಕ್ಕೆ ಬರಲು ಮೂರು ದಿನ ಹಿಡಿಯಿತು. ನಡೆದುಕೊಂಡು ಬಂದಿದ್ದರೂ ಬೇಗ ತಲುಪುತ್ತಿತ್ತು.

ಅಡಾಪ್ಟರ್ ಬಂದ ಮೇಲೆ ನಿಜವಾದ ಕಾಟ ಶುರು. ಎಸ್‌ಎಂಪಿಎಸ್‌ನ ಎರಡೂ ಕನೆಕ್ಟರ್ ಕಿತ್ತು, ನಾಣ್ಯದ ಸೆಲ್ ತೆಗೆದು, ಕೆಂಪು ತಂತಿಯನ್ನು ಚುಕ್ಕೆಯಿರುವ ಒಂದನೇ ಕಾಲಿಗೆ ಹೊಂದಿಸಿ ಫ್ಲ್ಯಾಶ್‌ರಾಮ್ ಎಂಬ ತಂತ್ರಾಂಶದಲ್ಲಿ ಓದಿದರೆ ಚಿಪ್ಪು ಸಿಕ್ಕಿತು, ಫೈಲು ಸರಿಯಾಗಿ 1,67,77,216 ಬೈಟ್ ಬಂತು. ಮೂರು ಸಲ ಓದಿದರೆ ಮೂರು ಬೇರೆ ಬೇರೆ ಚೆಕ್‌ಸಮ್ (ಫೈಲಿನ ಗುರುತಿನ ಅಂಕಿ). ಓದುವುದೇ ಹೀಗಾದರೆ ಬರೆಯುವುದು ಕೇಳಬೇಡಿ.

ಮೊದಲ ಅನುಮಾನ ಕ್ಲಿಪ್ಪಿನ ಮೇಲೆ. ಮಲ್ಟಿಮೀಟರಿನ ಒಂದು ಮೊನೆ ಕ್ಲಿಪ್ಪಿನ ತಂತಿಗೆ, ಇನ್ನೊಂದು ಚಿಪ್ಪಿನ ಕಾಲಿಗೆ ಇಟ್ಟು ಎಂಟನ್ನೂ ಅಳೆದಾಗ ಏಳು ಒಂದು ಓಮ್‌ನೊಳಗೆ, ಎರಡನೆಯದು ಮಾತ್ರ ನಲವತ್ತರ ಆಚೆ ಈಚೆ ಕುಣಿಯುತ್ತಿತ್ತು. ಡೇಟಾ ಹೊರಗೆ ಬರುವ ಕಾಲೇ ಅದು. ಗಾಜಿನಲ್ಲಿ ನೋಡಿದರೆ ಬೆಸುಗೆಯ ಮೇಲೆ ಬೂದು ಪೊರೆ, ಉಪ್ಪುಗಾಳಿಯ ಕೆಲಸ. 99 ಪ್ರತಿಶತದ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಮತ್ತು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದ ಮೇಲೆ ಒಂದು ಓಮ್‌ಗೆ ಇಳಿಯಿತು. ಮೆಡಿಕಲ್ ಶಾಪಿನ 70 ಪ್ರತಿಶತದ ಸ್ಪಿರಿಟ್ ಬೇಡ. ಉಳಿದದ್ದು ನೀರು, ಕಾರವಾರದ ಸೆಖೆಯಲ್ಲಿ ಅದು ಆರುವುದೇ ಇಲ್ಲ.

ಚೆಕ್‌ಸಮ್ ಇನ್ನೂ ಕೂಡಲಿಲ್ಲ. ರಿಬ್ಬನ್ ತಂತಿ ಕತ್ತರಿಸಿ ಹತ್ತು ಸೆಂಟಿಮೀಟರಿಗೆ ಇಳಿಸಿದರೂ ಅದೇ ಕಥೆ. ಕೊನೆಗೆ ಮೊದಲೇ ಅಳೆಯಬೇಕಿದ್ದದ್ದನ್ನು ಅಳೆದದ್ದು: ಚಿಪ್ಪಿಗೆ ಕರೆಂಟು ಬರುವ ಎಂಟನೇ ಕಾಲಿನ ವೋಲ್ಟೇಜು. ಕ್ಲಿಪ್ಪು ಗಾಳಿಯಲ್ಲಿದ್ದಾಗ 1.8, ಚಿಪ್ಪಿಗೆ ಕಚ್ಚಿಸಿದ ತಕ್ಷಣ 1.5. ಈ ಚಿಪ್ಪಿಗೆ ಕನಿಷ್ಠ 1.65 ಬೇಕು. ಅಂದರೆ ಪ್ರೋಗ್ರಾಮರ್ ಚಿಪ್ಪಿಗೊಂದೇ ಅಲ್ಲ, ಅದೇ ಲೈನಿನಲ್ಲಿರುವ ಇನ್ಯಾರಿಗೋ ಊಟ ಹಾಕುತ್ತಿದೆ. ಎಎಂ4ರಲ್ಲಿ ಬಯಾಸ್ ಚಿಪ್ಪಿನ ತಂತಿಗಳು ನೇರ ಪ್ರೊಸೆಸರಿಗೇ ಹೋಗುತ್ತವೆ. ಸಾಕೆಟ್ಟಿನಲ್ಲಿ ಕೂತ 2200ಜಿ ಸತ್ತ ಬೋರ್ಡಿನಲ್ಲೂ ಪಾಲು ಕೇಳುತ್ತಿತ್ತು. ಹೇಗೂ ತೆಗೆಯಲೇಬೇಕಿದ್ದ ಪ್ರೊಸೆಸರನ್ನು ಆ ಮೇಲೆ ತೆಗೆದರಾಯಿತು ಎಂದು ಬಿಟ್ಟದ್ದೇ ನಾಲ್ಕು ದಿನ ತಿಂದಿತು. ತೆಗೆದ ಮೇಲೆ 1.78. ಮೂರು ಓದು, ಒಂದೇ ಚೆಕ್‌ಸಮ್.

ಬರೆಯುವಾಗ ಇನ್ನೊಂದು ಸಣ್ಣ ಗುದ್ದು. ಕಂಪನಿಯ ಫೈಲು 1,67,79,264 ಬೈಟ್ ಇತ್ತು, ಫ್ಲ್ಯಾಶ್‌ರಾಮ್ ಬೇಡ ಅಂದಿತು. ಮೇಲಿನ 2,048 ಬೈಟ್ ಬರೀ ತಲೆಪಟ್ಟಿ. ಹೆಕ್ಸ್ ಎಡಿಟರಿನಲ್ಲಿ ಅದನ್ನು ಕತ್ತರಿಸಿದರೆ ಉಳಿದದ್ದು ಚಿಪ್ಪಿನ ಗಾತ್ರಕ್ಕೆ ಸರಿ. ಬರೆಯುವ ಮೊದಲು ಸರಿಯಾಗಿ ಓದಿಟ್ಟ ಡಂಪನ್ನು (ಚಿಪ್ಪಿನ ಪ್ರತಿಯನ್ನು) ಅಳಿಸಬೇಡಿ, ಕೆಲವು ಬೋರ್ಡುಗಳ ನೆಟ್‌ವರ್ಕ್ ಗುರುತಾದ ಮ್ಯಾಕ್ ವಿಳಾಸ ಅದರೊಳಗೆ ಮಾತ್ರ ಇರುತ್ತದೆ. ಬರೆದು ತಾಳೆ ನೋಡಲು ಸುಮಾರು ಹತ್ತು ನಿಮಿಷ. ಅಷ್ಟರಲ್ಲಿ ಎರಡು ಸಲ ಕರೆಂಟು ಹೋಯಿತು. ಲ್ಯಾಪ್‌ಟಾಪು ಬ್ಯಾಟರಿಯ ಮೇಲಿತ್ತು, ಹೋಗಲಿ ಬಿಡಿ.

ಕೂಲರ್ ಕೀಳುವವರಿಗೆ ಒಂದು ಮಾತು: ಹಳೆ ಪೇಸ್ಟು ಅಂಟಿನಂತೆ ಹಿಡಿದಿರುತ್ತದೆ. ನೇರ ಎಳೆದರೆ 1,331 ಪಿನ್ನಿನ ಪ್ರೊಸೆಸರ್ ಕೂಲರಿನ ಜೊತೆಗೇ ಸಾಕೆಟ್ಟಿನಿಂದ ಎದ್ದು ಬರುತ್ತದೆ. ಬೋರ್ಡು ಬದುಕಿದ್ದರೆ ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ. ಇಲ್ಲಿ ಅದಕ್ಕೂ ದಾರಿಯಿರಲಿಲ್ಲ, ಹೇರ್ ಡ್ರೈಯರ್ ಹಿಡಿದು, ಎಡಕ್ಕೆ ಬಲಕ್ಕೆ ತಿರುಚಿ ಬಿಡಿಸಿದ್ದು. ನಾಲ್ಕು ಸ್ಕ್ರೂ ಬಿಚ್ಚಿದಾಗ ಹಿಂದಿನ ತಗಡು ಕೆಳಗೆ ಬೀಳುತ್ತದೆ, ಕೈ ಕೊಟ್ಟಿರಿ. 5600ಜಿ ಹಾಕಿದ ಮೇಲೆ ಮೊದಲ ಸಲ ರ‍್ಯಾಮ್ ಹೊಂದಿಸಿಕೊಳ್ಳಲು ಒಂದೆರಡು ನಿಮಿಷ ಪರದೆ ಕಪ್ಪಾಗಿಯೇ ಇರುತ್ತದೆ, ರೀಸೆಟ್ ಒತ್ತಬೇಡಿ. ಹೊಸ ಪ್ರೊಸೆಸರ್ ಕಂಡು ಎಫ್‌ಟಿಪಿಎಂ (ಬೀಗದ ಕೀ ಇಡುವ ಜಾಗ) ಅಳಿಸಲೇ ಎಂದು ಕೇಳುತ್ತದೆ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದವರು ರಿಕವರಿ ಕೀ ಬರೆದಿಟ್ಟುಕೊಳ್ಳದೆ ಹೂಂ ಅನ್ನಬೇಡಿ.

ಇನ್ನು ಎರಡನೇ 8 ಜಿಬಿ ಸ್ಟಿಕ್ ಬರಬೇಕು. 2400 ವೇಗದ ಒಂದೇ ಸ್ಟಿಕ್ಕಿನಲ್ಲಿ ಸೆಕೆಂಡಿಗೆ 19.2 ಜಿಬಿ, ಎರಡಾದರೆ 38.4. ಒಳಗಿನ ಗ್ರಾಫಿಕ್ಸಿಗೆ ಅದೇ ಅನ್ನ.

ಈ ನಡುವೆ ಮೇಜಿನ ಮೇಲೆ ಯುಪಿಎಸ್ ಬಿಚ್ಚಿ ಬಿದ್ದಿದೆ. ಒಳಗಿನ 12 ವೋಲ್ಟ್ 7 ಎಎಚ್ ಸೀಸದ ಬ್ಯಾಟರಿಯ ಹೊಟ್ಟೆ ಉಬ್ಬಿದೆ. ಅದರ ಜಾಗಕ್ಕೆ ನಾಲ್ಕು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ಸರಣಿಯಲ್ಲಿ, ಸೆಲ್ಲುಗಳನ್ನು ಕಾಯುವ ಬಿಎಂಎಸ್ ಸಮೇತ. ಚಾರ್ಜರ್ ಕೊಡುವುದು 13.6 ವೋಲ್ಟ್, ಸೆಲ್ಲಿಗೆ 3.4 ಬರುತ್ತದೆ, ಸಾಕು. ಬಿಎಂಎಸ್ ಎಷ್ಟು ಆಂಪಿಯರಿನದು ಎಂಬುದೇ ಈಗಿನ ಪ್ರಶ್ನೆ: 300 ವ್ಯಾಟ್ ಎಳೆದರೆ ಬ್ಯಾಟರಿ ಕಡೆ 25 ಆಂಪಿಯರ್ ಮೀರುತ್ತದೆ, ಅಂಗಡಿಯವರು 20ರದ್ದನ್ನೇ 'ಸಾಕಾಗ್ತದೆ' ಎಂದು ದಾಟಿಸಲು ನೋಡುತ್ತಿದ್ದಾರೆ. 40ರದ್ದಕ್ಕೆ ಹೇಳಿ ಆಗಿದೆ. ಅದೂ ಅಂಕೋಲೆಯ ಮೇಲೇ ಬರಬೇಕು.