ರಾತ್ರಿ ಪಾಳಿಗೆ ಹಾಕಿ ಸಾರ್

ತೈಲ ರಿಫೈನರಿಯಲ್ಲಿ ಶಟ್‌ಡೌನ್ ಅಂದ್ರೆ ಜಾತ್ರೆ ಇದ್ದ ಹಾಗೆ. ವರ್ಷಗಟ್ಟಲೆ ಬಿಡದೆ ಓಡಿದ ಪ್ಲಾಂಟ್ ನಿಲ್ಲಿಸಿ, ಬಿಚ್ಚಿ, ತೊಳೆದು, ರಿಪೇರಿ ಮಾಡಿ ಮತ್ತೆ ಮುಚ್ಚಬೇಕು. ಒಂದು ದಿನ ತಡವಾದರೂ ಭಾರೀ ನಷ್ಟ, ಹಾಗಾಗಿ ಹಗಲೂ ರಾತ್ರಿ ಕೆಲಸ. ಗುಜರಾತಿನ ಒಂದು ರಿಫೈನರಿಯಲ್ಲಿ ನಾನು ಮೊದಲ ಸಲ ರಾತ್ರಿ ಪಾಳಿಯ ಇನ್‌ಚಾರ್ಜ್ ಆಗಿದ್ದು ಇಂಥದ್ದೇ ಹೊತ್ತಲ್ಲಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಂಜೆಯಾದರೆ ನನ್ನನ್ನು ಮನೆಗೆ ಕಳಿಸುತ್ತಿದ್ದರು. 1948ರ ಕಾರ್ಖಾನೆ ಕಾಯ್ದೆಯ ಸೆಕ್ಷನ್ 66ರ ಪ್ರಕಾರ ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿರಲಿಲ್ಲ. ಕಾಳಜಿ ಏನೋ ಸರಿ, ಆದರೆ ಪಂಪ್ ಕೈಕೊಡೋದು, ಫರ್ನೇಸ್ ಟ್ರಿಪ್ ಆಗೋದು ಗಡಿಯಾರ ನೋಡಿಕೊಂಡಲ್ಲ ಅಲ್ವಾ? ಬೆಳಿಗ್ಗೆ ಜೊತೆಯವರು ರಾತ್ರಿಯ ಕಥೆ ಹೇಳುತ್ತಿದ್ದರೆ ನಾನು ಸುಮ್ನೆ ಲಾಗ್‌ಬುಕ್ ಓದುತ್ತಾ ಕೂರಬೇಕಿತ್ತು. ಬಡ್ತಿ ಹೊತ್ತಿಗೆ ಮಾತ್ರ, "ನಿಮಗೆ ಶಿಫ್ಟ್ ಅನುಭವ ಇಲ್ವಲ್ಲ ಮೇಡಂ" ಅನ್ನೋರು! 2014ರಲ್ಲಿ ನಿಶಿ ವಾಸುದೇವ ಸರ್ಕಾರಿ ತೈಲ ಕಂಪನಿ ಎಚ್‌ಪಿಸಿಎಲ್ ಮುಖ್ಯಸ್ಥೆಯಾದಾಗ ನೆಂಟರೆಲ್ಲ ಆ ಸುದ್ದಿ ಕಳಿಸಿದರು. ಖುಷಿಯಾಯಿತು. ಆದರೆ ನಮ್ಮಂಥವರಿಗೆ ಬೇಕಿದ್ದಿದ್ದು ಮೊದಲು ರಾತ್ರಿ ಪಾಳಿ.

ಆಮೇಲೆ ನಿಯಮ ಸಡಿಲವಾಯಿತು, ಕೇಳಿ ಕೇಳಿ ಪಾಳಿ ಸಿಕ್ಕಿತು.

ಅವತ್ತು ರಾತ್ರಿ ಕ್ರೂಡ್ ಕಾಲಮ್, ಅಂದ್ರೆ ಕಾದ ಕಚ್ಚಾ ತೈಲದಿಂದ ಸೀಮೆಎಣ್ಣೆ, ಡೀಸೆಲ್ ಬೇರೆ ಮಾಡುವ ಗೋಪುರ, ಮುಚ್ಚೋದಿತ್ತು. ಒಳಗೆ ಹೋಗೋ ಮೊದಲು ಗ್ಯಾಸ್ ಟೆಸ್ಟ್ ಆಯಿತು. ಆಮ್ಲಜನಕ ಶೇ 20.9, ಸುಡುವ ಗ್ಯಾಸ್ ಸೊನ್ನೆ, ವಿಷಾನಿಲ ಎಚ್‌2ಎಸ್ ಸೊನ್ನೆ. ಗಂಡಸರ ಅಳತೆಯ ಬಾಯ್ಲರ್ ಸೂಟ್ ತೋಳು ಮಡಚಿಕೊಂಡು ಮ್ಯಾನ್‌ಹೋಲ್‌ನಲ್ಲಿ ನುಸುಳಿದೆ. ಒಳಗೆ ಮಹಡಿಗಳ ಹಾಗೆ ಕೂರಿಸಿದ ಟ್ರೇ ಮೇಲೆ ಮೊಣಕಾಲೂರಿ, ಟಾರ್ಚ್ ಹಿಡಿದು, ಅದನ್ನು ಹಿಡಿದಿಡುವ ಒಂದೊಂದೇ ಕ್ಲಾಂಪ್ ಕೈಯಲ್ಲಿ ಅಲುಗಿಸಿ ನೋಡುತ್ತಾ ಹೋದರೆ ಒಂದು ಟ್ರೇಯಲ್ಲಿ ನಟ್ ಬೆರಳಿಗೇ ತಿರುಗಿತು. ಪಕ್ಕದ್ದೂ ಅಷ್ಟೇ. ಸ್ಟಾರ್ಟಪ್ ಹೊತ್ತಲ್ಲಿ ಕಾಲಮ್ ಒಳಗೆ ಎಲ್ಲೋ ಉಳಿದ ನೀರು ಬಿಸಿ ಎಣ್ಣೆ ತಾಗಿ ಒಮ್ಮೆಲೇ ಆವಿಯಾದರೆ ಇಂಥ ಟ್ರೇ ಕಿತ್ತು ಹೋಗುತ್ತದೆ. ಆಮೇಲೆ ಸೀಮೆಎಣ್ಣೆ, ಡೀಸೆಲ್ ಸರಿಯಾಗಿ ಬೇರೆಯಾಗಲ್ಲ, ಮತ್ತೆ ಎಲ್ಲ ಬಿಚ್ಚಬೇಕು.

"ಹೋ ಜಾಯೇಗಾ ಮೇಡಂ, ಸೈನ್ ಮಾಡಿ" ಅಂದ ಕಂಟ್ರಾಕ್ಟರ್ ಸೂಪರ್‌ವೈಸರ್. ನಾನು ಮಾಡಲಿಲ್ಲ. ಫಿಟ್ಟರ್‌ಗಳನ್ನು ವಾಪಸ್ ಕರೆಸಿ ಆ ಟ್ರೇ ಪೂರ್ತಿ ಬಿಗಿಸುವಷ್ಟರಲ್ಲಿ ಬೆಳಗಾಯಿತು.

ಬೆಳಗಿನ ಮೀಟಿಂಗ್‌ನಲ್ಲಿ ಸಾಹೇಬರು "ಯಾರು ನಿಲ್ಲಿಸಿದ್ದು?" ಅಂತ ಕೇಳಿದರು. "ನಾನೇ ಸಾರ್" ಅಂತ ಫೋಟೋ ತೋರಿಸಿದೆ. ನೋಡಿ, ಮುಂದಿನ ವಿಷಯ ತೆಗೆದುಕೊಂಡರು.

ಮುಂದಿನ ಶಟ್‌ಡೌನ್‌ಗೆ ಇಬ್ಬರು ಟ್ರೈನಿ ಹುಡುಗಿಯರನ್ನು ನನ್ನ ರಾತ್ರಿ ಪಾಳಿಗೇ ಹಾಕಿಕೊಂಡೆ. ಒಬ್ಬಳ ಅಪ್ಪ ಫೋನ್ ಮಾಡಿ ಚೆನ್ನಾಗಿ ಬೈದರು, ಅದು ಬೇರೆ ಕಥೆ.