ಸಲೈನ್ ಗುಂಪು ಸಾಕು ಅಂದುಕೊಂಡಿದ್ದೆ

ಇಲಿಗಳ ಎಸ್‌ಜಿಪಿಟಿ (ಲಿವರಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಅಂಕಿ) ರಿಪೋರ್ಟ್ ಕೈಗೆ ಬಂದ ದಿನ ಲ್ಯಾಬಿನಲ್ಲಿ ಎಲ್ಲರಿಗೂ ನಾನೇ ಕಾಫಿ ಕೊಡಿಸಿದ್ದೆ. ಪ್ಯಾರಾಸಿಟಮಾಲ್ ಜೊತೆ ಮದ್ದಿನ ಬದಲು ಬರೀ ಸಲೈನ್ ಪಡೆದ ಇಲಿಗಳಲ್ಲಿ ಅಂಕಿ ಸಾವಿರಗಟ್ಟಲೆ ಏರಿತ್ತು. ಜೆಎನ್‌ಕೆ ಎಂಬ ಎಂಜೈಮನ್ನು ತಡೆಯುವ ನಮ್ಮ ಮದ್ದು ಪಡೆದವುಗಳಲ್ಲಿ ನೂರರ ಆಸುಪಾಸು. ಇಷ್ಟು ಚೆಂದದ ರಿಸಲ್ಟ್ ನೋಡಿದಾಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಔಷಧಗಳಿಂದ ಲಿವರ್ ಹೇಗೆ ಕೆಡುತ್ತದೆ ಅಂತ ನೋಡುವುದು ನಮ್ಮ ಕೆಲಸ. ಅದಕ್ಕೆ ಹೆಚ್ಚಾಗಿ ಬಳಸುವುದು ಮನೆಮನೆಯಲ್ಲೂ ಇರುವ ಪ್ಯಾರಾಸಿಟಮಾಲನ್ನೇ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮಿತಿ. ಡೋಲೋ 650 ಆರು ನುಂಗಿದರೆ 3.9 ಗ್ರಾಂ ಆಗೇ ಹೋಯ್ತು, ಲೆಕ್ಕ ಹಾಕಿ ನೋಡಿ.

ಮಾತ್ರೆಯ ಒಂದು ಸಣ್ಣ ಪಾಲನ್ನು ಲಿವರಿನ ಸಿವೈಪಿ2ಇ1 ಎಂಬ ಎಂಜೈಮ್ ವಿಷ ಮಾಡಿಬಿಡುತ್ತದೆ. ಆ ವಿಷದ ಹೆಸರು ನ್ಯಾಪ್‌ಕ್ವಿ. ಲಿವರಿನಲ್ಲೇ ಇರುವ ಗ್ಲುಟಾಥಯೋನ್ ಎಂಬ ವಸ್ತು ಅದನ್ನು ಹಿಡಿದು ಸಾಗಹಾಕುತ್ತದೆ. ಮಾತ್ರೆ ಜಾಸ್ತಿಯಾದರೆ ಗ್ಲುಟಾಥಯೋನ್ ಖಾಲಿ. ಆಗ ವಿಷ ಮೈಟೊಕಾಂಡ್ರಿಯಾದ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ.

ಒಂದನ್ನೊಂದು ಎಬ್ಬಿಸುತ್ತಾ ಹೋಗುವ ಸಿಗ್ನಲ್ ಎಂಜೈಮುಗಳ ಆಟ ಶುರುವಾಗುವುದು ಇಲ್ಲಿಂದ. ಪೆಟ್ಟು ತಿಂದ ಮೈಟೊಕಾಂಡ್ರಿಯಾದಿಂದ ಫ್ರೀ ರ‍್ಯಾಡಿಕಲ್‌ಗಳು ಸೋರುತ್ತವೆ. ಅವು ಎಎಸ್‌ಕೆ1 ಎಂಬ ಎಂಜೈಮನ್ನು ಎಬ್ಬಿಸುತ್ತವೆ, ಅದು ಎಂಕೆಕೆ4 ಅನ್ನು, ಅದು ಜೆಎನ್‌ಕೆಯನ್ನು. ಎದ್ದ ಜೆಎನ್‌ಕೆ ಸೀದಾ ಮೈಟೊಕಾಂಡ್ರಿಯಾಗೇ ವಾಪಸ್ ಹೋಗಿ, ಅದರ ಹೊರಪೊರೆಯಲ್ಲಿರುವ ಸ್ಯಾಬ್ ಎಂಬ ಪ್ರೋಟೀನಿನ ಮೇಲೆ ಕೂರುತ್ತದೆ. ಒಳಗೆ ಉಸಿರಾಟ ಕಟ್ಟುತ್ತದೆ, ಸೋರಿಕೆ ಇನ್ನೂ ಜಾಸ್ತಿಯಾಗುತ್ತದೆ, ಜೆಎನ್‌ಕೆ ಇನ್ನಷ್ಟು ಏಳುತ್ತದೆ. ಊರ ಜಾತ್ರೆಯಲ್ಲಿ ಮೈಕನ್ನು ಸ್ಪೀಕರ್ ಹತ್ತಿರ ಹಿಡಿದರೆ ಕೀ ಅಂತ ಕೂಗುತ್ತಲ್ಲ, ಹಾಗೆ. ಕೊನೆಗೆ ಮೈಟೊಕಾಂಡ್ರಿಯಾ ಒಡೆದು ಜೀವಕೋಶವೇ ಸಾಯುತ್ತದೆ.

ಜೆಎನ್‌ಕೆಯನ್ನು ತಡೆದರೆ ಲಿವರ್ ಉಳಿಯಬೇಕು, ಅಲ್ವಾ? ನಮ್ಮ ಮದ್ದು ನೀರಿನಲ್ಲಿ ಕರಗುವುದಿಲ್ಲ. ಎಲ್ಲರ ಹಾಗೆ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ, ಪ್ಯಾರಾಸಿಟಮಾಲಿಗೂ ಮೊದಲೇ ಚುಚ್ಚಿದ್ದೆ.

ಮೀಟಿಂಗಿನಲ್ಲಿ ಮೇಡಂ ಬ್ಲಾಟ್, ಅಂದರೆ ಪ್ರೋಟೀನುಗಳನ್ನು ಗೆರೆಗಳಾಗಿ ತೋರಿಸುವ ಚಿತ್ರ, ಕೈಗೆತ್ತಿಕೊಂಡರು. ಸಲೈನ್ ಸಾಲಿನಲ್ಲಿ ಎಚ್ಚೆತ್ತ ಜೆಎನ್‌ಕೆಯ ಎರಡು ಗೆರೆಗಳು, ಕಪ್ಪಗೆ ದಪ್ಪಗೆ. ಮದ್ದಿನ ಸಾಲು ಖಾಲಿ.

"ಚೆನ್ನಾಗಿದೆ. ಡಿಎಂಎಸ್‌ಒ ಮಾತ್ರ ಕೊಟ್ಟ ಇಲಿಗಳೆಲ್ಲಿ?"

"ಸಲೈನ್ ಗುಂಪು ಇದೆ ಮೇಡಂ."

"ನಾನು ಅದನ್ನ ಕೇಳಲಿಲ್ಲ."

ಮತ್ತೆ ಮಾಡಿದೆವು. ಪ್ಯಾರಾಸಿಟಮಾಲ್ ಜೊತೆ ಮದ್ದಿಲ್ಲದ ಬರೀ ಡಿಎಂಎಸ್‌ಒ ಪಡೆದ ಗುಂಪಿನಲ್ಲೂ ಎಸ್‌ಜಿಪಿಟಿ ಏರಲಿಲ್ಲ. ಬ್ಲಾಟಿನಲ್ಲಿ ಗೆರೆಗಳೂ ಇಲ್ಲ! ಪ್ಯಾರಾಸಿಟಮಾಲ್ ಕೊಟ್ಟ ಅರ್ಧ ಗಂಟೆಗೆ ತೆಗೆದ ಲಿವರಿನಲ್ಲಿ ಗ್ಲುಟಾಥಯೋನ್ ಅಳೆದಾಗ ಗುಟ್ಟು ಗೊತ್ತಾಯಿತು. ಸಲೈನ್ ಗುಂಪಿನಲ್ಲಿ ಅದು ಹೆಚ್ಚುಕಮ್ಮಿ ಖಾಲಿ, ಡಿಎಂಎಸ್‌ಒ ಗುಂಪಿನಲ್ಲಿ ಬಹುಪಾಲು ಹಾಗೇ ಇತ್ತು. ಡಿಎಂಎಸ್‌ಒ ಸಿವೈಪಿ2ಇ1 ಅನ್ನೇ ತಡೆಯುತ್ತದೆ. ವಿಷವೇ ಹುಟ್ಟದಿದ್ದರೆ ಜೆಎನ್‌ಕೆ ಏಳುವುದು ಯಾಕೆ? ಬೆಂಕಿಯೇ ಹತ್ತದ ಮನೆಗೆ ನೀರು ಹಾಕಿ ನಾನೇ ಆರಿಸಿದೆ ಅಂತ ಬೀಗುತ್ತಿದ್ದೆ.

ಹೊಟ್ಟೆ ಉರಿಸಿದ್ದು ಇನ್ನೊಂದು. ಇದು ಹೊಸ ವಿಷಯವೇನಲ್ಲ, ದಶಕಗಳಿಂದ ಗೊತ್ತಿರುವುದೇ. ನಾನೂ ಓದಿದ್ದೆ, ಪರೀಕ್ಷೆಗೆ ಓದಿದ ಹಾಗೆ.

ಈಗ ಮದ್ದನ್ನು ಪ್ಯಾರಾಸಿಟಮಾಲ್ ಕೊಟ್ಟು ಒಂದೂವರೆ ಗಂಟೆಯಾದ ಮೇಲೆ ಚುಚ್ಚುತ್ತೇವೆ. ಅಷ್ಟರಲ್ಲಿ ವಿಷ ಹುಟ್ಟಿ ಗ್ಲುಟಾಥಯೋನ್ ಕರಗಿರುತ್ತದೆ. ಡಿಎಂಎಸ್‌ಒ ಆದಷ್ಟು ಕಮ್ಮಿ, ಮದ್ದಿಲ್ಲದೆ ಅದೇ ಪ್ರಮಾಣದ ಡಿಎಂಎಸ್‌ಒ ಪಡೆದ ಗುಂಪು ಪಕ್ಕದಲ್ಲಿ ಕಡ್ಡಾಯ. ಹೀಗೆ ಮಾಡಿದಾಗ ಮದ್ದಿನ ಗುಂಪಿನಲ್ಲಿ ಎಸ್‌ಜಿಪಿಟಿ ಅರ್ಧಕ್ಕಷ್ಟೇ ಇಳಿಯಿತು. ಗ್ರಾಫ್ ನೋಡೋಕೆ ಮೊದಲಿನಷ್ಟು ಚೆಂದ ಇಲ್ಲ. ಮೇಡಂ ಅದನ್ನೇ ರಿಪೋರ್ಟಿಗೆ ಹಾಕಿಸಿದರು.