ಮಂಜೇಶ್ವರದ ಗಿಳಿವಿಂಡು

ಮಂಗಳೂರಿನಿಂದ ಹೊರಟ ಬಸ್ಸು ತಲಪಾಡಿ ದಾಟಿದರೆ ಕೇರಳ. ಕಂಡಕ್ಟರ್ ತುಳುವಿನಲ್ಲಿ ಟಿಕೆಟ್ ಕೇಳಿದರು. ಮುಂದಿನ ಸೀಟಿನ ಇಬ್ಬರು ಹೆಂಗಸರದು ಬ್ಯಾರಿ ಮಾತು. ಪಕ್ಕದ ಹುಡುಗ ಫೋನಿನಲ್ಲಿ ಮಲಯಾಳಂ ಮುಗಿಸಿ ನನ್ನ ಕಡೆ ತಿರುಗಿ, 'ನೀವು ಇಳಿಯುವ ಜಾಗ ಇಲ್ಲೇ ಹತ್ತಿರ' ಎಂದು ಕನ್ನಡದಲ್ಲಿ ಹೇಳಿದ. ಕಾಸರಗೋಡನ್ನು ಸಪ್ತಭಾಷಾ ಭೂಮಿ ಅನ್ನುವುದು ಸುಮ್ನೆ ಅಲ್ಲ.

ನಾನು ಹೋಗುತ್ತಿದ್ದದ್ದು ಕಾಸರಗೋಡು ಜಿಲ್ಲೆಯ ಮಂಜೇಶ್ವರಕ್ಕೆ, ಕವಿ ಎಂ. ಗೋವಿಂದ ಪೈಗಳ ಮನೆ ನೋಡಲು. ಶಾಲೆಯಲ್ಲಿ 'ತಾಯೆ ಬಾರ ಮೊಗವ ತೋರ' ಹಾಡುವಾಗಲೆಲ್ಲ ಬರೆದವರ ಮನೆಮಾತು ಕನ್ನಡವೇ ಅಂದುಕೊಂಡಿದ್ದೆ. ಅವರದು ಕೊಂಕಣಿ ಮನೆ. ಅಂಗಳ ದಾಟಿದರೆ ತುಳು. ಬರೆಯಲು ಕೂತಾಗ ಕನ್ನಡ. ಇದು ಗೊತ್ತಾದ ದಿನದಿಂದ ಅವರ ಮೇಲಿನ ಪ್ರೀತಿ ಇನ್ನೂ ಹೆಚ್ಚಾಯಿತು.

ಮನೆಯಿರುವ ಸ್ಮಾರಕಕ್ಕೆ ಈಗ 'ಗಿಳಿವಿಂಡು' ಅಂತಲೇ ಹೆಸರು. 1930ರಲ್ಲಿ ಬಂದ ಅವರ ಕವನ ಸಂಕಲನದ ಹೆಸರದು. ಹೆಂಚಿನ ಮಾಡು, ತೆಂಗಿನ ನೆರಳು. ಜಗಲಿಯಲ್ಲಿ ತುಂಬಾ ಹೊತ್ತು ಕೂತೆ. ಮದ್ರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆ ತೀರಿಕೊಂಡರು, ಓದು ಅರ್ಧಕ್ಕೇ ನಿಂತಿತು, ಪೈಗಳು ಊರಿಗೆ ಬಂದರು. ಪದವಿಯಿಲ್ಲ, ಸುತ್ತ ವಿಶ್ವವಿದ್ಯಾಲಯವಿಲ್ಲ. ಆದರೂ ಇಪ್ಪತ್ತೈದು ಭಾಷೆ ಬಲ್ಲವರು ಅಂತ ನಾಡು ಅವರನ್ನು ಕೊಂಡಾಡಿತು. ನನಗೆ ಆ ಸಂಖ್ಯೆಗಿಂತ ಅವರು ಭಾಷೆಯನ್ನು ದುಡಿಸಿಕೊಂಡ ಬಗೆ ದೊಡ್ಡದು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದರಲ್ಲಿ, ಭಾರತದ ಪಾತ್ರಗಳ ಬಾಯಲ್ಲಿ ಅರ್ಥವಾಗದ ಮಾತುಗಳಿವೆ. ಅದು ಕನ್ನಡ ಇರಬಹುದೇ ಎಂದು ವಿದ್ವಾಂಸರು ಚರ್ಚಿಸಿದರು. ಕಡಲ ಪಕ್ಕದ ಈ ಊರಲ್ಲಿ ಕೂತು ಪೈಗಳೂ ಅದರ ಬೆನ್ನು ಹತ್ತಿದರು.

ಶ್ರವಣಬೆಳಗೊಳದ ಗೊಮ್ಮಟನ ಕತೆಯೂ ಹಾಗೇ. ಪಾದದ ಬಳಿ 'ಚಾವುಂಡರಾಜಂ ಮಾಡಿಸಿದಂ' ಅಂತ ಕೆತ್ತಿದೆ, ಇಸವಿ ಇಲ್ಲ. ಆಮೇಲಿನ ಸಂಸ್ಕೃತ ಕೃತಿಯೊಂದರಲ್ಲಿ ಸಂವತ್ಸರ, ತಿಥಿ, ವಾರ, ಲಗ್ನ ಸಿಗುತ್ತವೆ. ಪೈಗಳು ಲೆಕ್ಕ ಹಾಕಿ ಪ್ರತಿಷ್ಠೆ ಆದದ್ದು 981ರ ಮಾರ್ಚ್ 13 ಎಂದರು. ಬೇರೆ ವಿದ್ವಾಂಸರ ಲೆಕ್ಕ ಬೇರೆ. ಆದರೆ ಸಂಸ್ಕೃತ ಗೊತ್ತಿದ್ದರೆ ಸಾಲದು, ಪಂಚಾಂಗವೂ ಬೇಕು, ಶಾಸನವೂ ಬೇಕು ಅಲ್ವಾ? ಒಬ್ಬರೇ ಇಷ್ಟನ್ನೂ ಕಲಿತರು.

ಕವಿಯಾಗಿಯೂ ಅಂಜಲಿಲ್ಲ. ಸಾಲುಸಾಲಿಗೂ ಪ್ರಾಸ ಇರಲೇಬೇಕು ಅನ್ನುತ್ತಿದ್ದ ಕಾಲ. 1911ರಲ್ಲೇ ಅದನ್ನು ಬಿಟ್ಟು ಬರೆದರು, ಬೈಸಿಕೊಂಡರು. ಕ್ರಿಸ್ತನ ಕೊನೆಯ ದಿನದ 'ಗೊಲ್ಗೊಥಾ', ಬುದ್ಧನ ಕೊನೆಯ ದಿನದ 'ವೈಶಾಖಿ' ಎರಡನ್ನೂ ಕನ್ನಡಕ್ಕೆ ಕೊಟ್ಟರು. 1949ರಲ್ಲಿ ಮದ್ರಾಸ್ ಸರ್ಕಾರ ರಾಷ್ಟ್ರಕವಿ ಎಂದು ಗೌರವಿಸಿತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಅವರು ಮನೆ ಬಿಡದೆಯೇ ರಾಜ್ಯ ಬದಲಾಯಿತು. ಇದನ್ನು ನೆನೆದರೆ ನನಗೆ ಈಗಲೂ ಸಂಕಟ.

ತೀರಿಕೊಂಡದ್ದು 1963ರಲ್ಲಿ. ಅವರ ಪುಸ್ತಕಗಳೆಲ್ಲ ಉಡುಪಿಯ ಎಂಜಿಎಂ ಕಾಲೇಜಿಗೆ ಹೋದವು. ಅವರದೇ ಹೆಸರಿನ ಸಂಶೋಧನ ಕೇಂದ್ರ ಅಲ್ಲಿದೆ.

ಹೊರಗೆ ಬಂದಾಗ ಸಂಜೆಯಾಗಿತ್ತು. ಹೆದ್ದಾರಿ ಬದಿಯ ಅಂಗಡಿಯಲ್ಲಿ ಚಾ ಕುಡಿದೆ. ಬೋರ್ಡಿನಲ್ಲಿ ಮೇಲೆ ಮಲಯಾಳಂ, ಕೆಳಗೆ ಕನ್ನಡ. ಉಡುಪಿಗೆ ಹೇಗೆ ಹೋಗುವುದು ಅಂತ ಕನ್ನಡದಲ್ಲಿ ಕೇಳಿದೆ. ಅಂಗಡಿಯವರು ಗಿರಾಕಿಗೆ ತುಳುವಿನಲ್ಲಿ ಚಿಲ್ಲರೆ ಎಣಿಸಿ ಕೊಡುತ್ತಲೇ, 'ಮಂಗಳೂರಲ್ಲಿ ಬಸ್ಸು ಬದಲಿಸಿ' ಎಂದರು.